ಮರಳುವ ಗಾಳಿ

ಪ್ರವಾಸಕ್ಕೆ ಹೊರಡುವ ಮುನ್ನವೇ ಹಿಂದಿರುಗುವ ದಿನದ ಟಿಕೆಟನ್ನೂ ಕೈಯಲ್ಲಿಟ್ಟುಕೊಳ್ಳುವವರು ನಾವು. ಹಾಯಿಹಡಗುಗಳ ಕಾಲದಲ್ಲಿ ಆ ದಿನವನ್ನು ಗೊತ್ತುಮಾಡುತ್ತಿದ್ದುದು ಗಾಳಿ. ಅದರ ಗುಟ್ಟನ್ನು ಬಲ್ಲವನು ಮನೆ ಸೇರುತ್ತಿದ್ದನು. ಅರಿಯದವನು, ಇಲ್ಲವೆ ಅರಿತೂ ಕಾಯಲಾರದವನು, ಪ್ರಾಣದ ಬೆಲೆಯನ್ನೇ ತೆರಬೇಕಾಗುತ್ತಿತ್ತು.

ಅರಬ್ಬೀ ಸಮುದ್ರದ ಮೇಲೆ ಗಾಳಿ ವರ್ಷಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬೀಸಿ ನಮ್ಮ ಕರಾವಳಿಗೆ ಮಳೆಯನ್ನು ತರುತ್ತದೆ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸಿ ಹಡಗುಗಳನ್ನು ಅರೇಬಿಯ, ಆಫ್ರಿಕಗಳ ಕಡೆಗೆ ಒಯ್ಯುತ್ತದೆ. ‘ಮಾನ್ಸೂನ್’ ಎಂಬ ಮಾತಿಗೆ ಮೂಲವಾದ ಅರಬ್ಬೀ ‘ಮೌಸಿಮ್’ ಶಬ್ದಕ್ಕೆ ಋತು, ಹಂಗಾಮು ಎಂದೇ ಅರ್ಥ.

ಕ್ರಿ.ಶ. ಮೊದಲನೆಯ ಶತಮಾನದ ಗ್ರಂಥಗಳಲ್ಲಿಯೇ ಈ ಹಂಗಾಮಿನ ಲೆಕ್ಕ ಸಿಗುತ್ತದೆ. ಭಾರತಕ್ಕೆ ಹೋಗುವವರು ಈಜಿಪ್ಟನ್ನು ಜುಲೈ ತಿಂಗಳಲ್ಲಿ ಬಿಡಬೇಕೆಂದು ಗ್ರೀಕ್ ಭಾಷೆಯ ‘ಪೆರಿಪ್ಲಸ್’ ತಿಳಿಸುತ್ತದೆ. ಮರಳುವವರು ಡಿಸೆಂಬರಿನಲ್ಲಿ, ತಪ್ಪಿದರೆ ಜನವರಿಯ ನಡುವಿನೊಳಗೆ, ಇಲ್ಲಿಂದ ಹೊರಟರೆ ವರ್ಷ ತುಂಬುವುದರೊಳಗೆ ಊರು ಸೇರಬಹುದೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಮೆಣಸಿಗಾಗಿ ಬಂದ ವರ್ತಕನು ಹಣದೊಂದಿಗೆ ದಿನಗಳನ್ನೂ ಎಣಿಸಬೇಕಾಗಿತ್ತು.

ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೆ ಹೆರಾತಿನ ಷಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕನೇ ಸಾಕ್ಷಿ. 1442ರಲ್ಲಿ ಅವನ ಹಡಗು ಹೊರ್ಮುಜನ್ನು ತಡವಾಗಿ ಬಿಟ್ಟಿತು. ಹಂಗಾಮು ಮುಗಿಯಿತೆಂದು ತಿಳಿದು ಹಡಗಿನ ವರ್ತಕರು ಕಂಗೆಟ್ಟರು. ಒಮಾನಿನ ಕರಾವಳಿಯ ಉರಿಬಿಸಿಲಿನಲ್ಲಿ ಕಾಯಿಲೆ ಬಿದ್ದು ಅವನು ತಿಂಗಳುಗಟ್ಟಲೆ ಕಾಯಬೇಕಾಯಿತು. ಮುಂದೆ ಕಲ್ಲಿಕೋಟೆಯಿಂದ ವಿಜಯನಗರಕ್ಕೆ ಬಂದು ಇಮ್ಮಡಿ ದೇವರಾಯನ ಆದರವನ್ನು ಪಡೆದನು. ಅಲ್ಲಿಂದ ಅವನು ಹೊರಟದ್ದು 1443ರ ಕೊನೆಯಲ್ಲಿ. ಹೊನ್ನಾವರದಲ್ಲಿ ಹಡಗು ಹತ್ತಿದ್ದು 1444ರ ಮೊದಲ ತಿಂಗಳುಗಳಲ್ಲಿ. ನಡುವೆ ಬಿರುಗಾಳಿ ಕಾಡಿತಾದರೂ ಹಂಗಾಮು ಅನುಕೂಲವಾಗಿತ್ತು. ಅವನು ಹೊರ್ಮುಜ್ ಸೇರಿದನು.

ಅದೇ ಶತಮಾನದ ಅರಬ್ಬೀ ನಾವಿಕ ಇಬ್ನ್ ಮಾಜಿದನು ಈ ತಿಳಿವಳಿಕೆಯನ್ನು ಶಾಸ್ತ್ರವಾಗಿಯೇ ಬರೆದಿಟ್ಟನು. ನೌರೂಜಿನಿಂದ ದಿನಗಳನ್ನೆಣಿಸಿ, ನೂರನೆಯ ದಿನ ಭಾರತವನ್ನು ಬಿಡುವವನನ್ನು ವಿವೇಕಿಗಳ ಸಾಲಿನಲ್ಲಿ ನಿಲ್ಲಿಸಿದನು. ನೂರಮೂವತ್ತನೆಯ ದಿನದವರೆಗೆ ತಡಮಾಡುವವನು ಅವನ ಕಣ್ಣಿಗೆ ಜೂಜುಗಾರ.

ಈ ಶಾಸ್ತ್ರದ ಬೆಲೆಯನ್ನು ಕಂಡುಕೊಳ್ಳಲು ವಾಸ್ಕೋ ಡ ಗಾಮನ ಒಂದೇ ಯಾನ ಸಾಕು. 1498ರ ಏಪ್ರಿಲ್ 24ರಂದು ಅವನು ಆಫ್ರಿಕದ ಮಲಿಂದಿಯನ್ನು ಬಿಟ್ಟಾಗ ಅಲ್ಲಿಯ ಅರಸನು ಕೊಟ್ಟ ಮಾರ್ಗದರ್ಶಿಯೊಬ್ಬ ಜೊತೆಗಿದ್ದನು. ಆ ಮಾರ್ಗದರ್ಶಿ ಇಬ್ನ್ ಮಾಜಿದನೇ ಎಂಬ ಹಳೆಯ ಮಾತನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಯಾರೇ ಆಗಿರಲಿ, ಅವನು ಗಾಳಿಯನ್ನು ಬಲ್ಲವನು. ಸುಮಾರು 23 ದಿನಗಳಲ್ಲಿ ಮಲಬಾರಿನ ಬೆಟ್ಟಗಳು ಕಂಡವು. ಹಿಂದಿರುಗುವಾಗಿನ ಸ್ಥಿತಿಯೇ ಬೇರೆ. ಸಾಮೂದಿರಿಯೊಡನೆ ವಿರಸ ಬೆಳೆದು, ಆಗಸ್ಟ್ ಕೊನೆಯಲ್ಲಿಯೇ ಗಾಮನು ಕಲ್ಲಿಕೋಟೆಯಿಂದ ಹೊರಟನು. ಕಾರವಾರದ ಬಳಿಯ ಅಂಜುದೀವದಲ್ಲಿ ಕೆಲವು ದಿನ ತಂಗಿದರೂ ಗಾಳಿ ತಿರುಗುವವರೆಗೆ ನಿಲ್ಲದೆ ಅಕ್ಟೋಬರ್ 5ರಂದು ಹಾಯಿ ಬಿಚ್ಚಿಸಿದನು. ಹೋಗುವಾಗ 23 ದಿನ ಹಿಡಿದಿದ್ದ ಕಡಲು ಬರುವಾಗ ಮೂರು ತಿಂಗಳು ಹಿಡಿಯಿತು. ವಸಡು ಬಾತು ಕೊಳೆಯುವ ರೋಗದಿಂದ ಸುಮಾರು ಮೂವತ್ತು ಮಂದಿ ದಾರಿಯಲ್ಲೇ ಸತ್ತರು. ಜನವರಿಯಲ್ಲಿ ಆಫ್ರಿಕ ಸೇರಿದ ಮೇಲೆ, ನಡೆಸುವ ಆಳುಗಳಿಲ್ಲದೆ ‘ಸಾವ್ ರಫಾಯೆಲ್’ ಹಡಗನ್ನು ತಾವೇ ಸುಟ್ಟುಹಾಕಬೇಕಾಯಿತು. ಕೆಲವು ವಾರ ಕಾದಿದ್ದರೆ, ಪ್ರತಿವರ್ಷವೂ ಸಾಮಾನ್ಯ ವರ್ತಕರನ್ನು ಮನೆಗೆ ಮುಟ್ಟಿಸುತ್ತಿದ್ದ ಗಾಳಿಯೇ ಅವರನ್ನೂ ಒಯ್ಯುತ್ತಿತ್ತು.

ಗಾಳಿ ಬಂದಾಗ ತೂರಿಕೊ ಎಂಬ ನಮ್ಮ ಗಾದೆ ಹುಟ್ಟಿದ್ದು ರೈತನ ಕಣದಲ್ಲಿ. ಕಡಲಿಗೂ ಅದು ಸಲ್ಲುತ್ತದೆ. ಆದರೆ ತೂರುವವನು ಗಾಳಿ ಬರುವವರೆಗೆ ಕಣದಲ್ಲಿ ಕುಳಿತಿರಬೇಕಲ್ಲವೆ? ಹಾಗೆ ಕುಳಿತಿರಲು ಊರಿನವರ ವಿಶ್ವಾಸ ಬೇಕು. ಅರಬ್ಬರೂ ಗುಜರಾತಿಗಳೂ ಬಂದರುಗಳಲ್ಲಿ ನಂಟು ಬೆಳೆಸಿ ಹಂಗಾಮಿಗಾಗಿ ಕಾಯುತ್ತಿದ್ದರು. ರಜಾಕನು ಅತಿಥಿಯಾಗಿ ಬಂದವನು. ಅವನಿಗೂ ಕಾಯಲು ಎಡೆಯಿತ್ತು. ಜಗಳ ಕಾದು ಹೊರಟ ಗಾಮನಿಗೆ ಅದು ಇರಲಿಲ್ಲ. ಗಾಳಿಯ ತಿಥಿಯನ್ನು ಗ್ರಂಥದಿಂದ ತಿಳಿಯಬಹುದು. ಅದು ಬರುವವರೆಗೆ ತಂಗಲು ಬೇಕಾದ ಸ್ನೇಹವನ್ನು ಮಾತ್ರ ಬಂದ ಊರಿನಲ್ಲಿಯೇ ಸಂಪಾದಿಸಬೇಕು.