ಮುಪ್ಪಿನ ಕಾಲಿಗೆ ಬಲ ಎಲ್ಲಿಂದ?



ಕಂಬಂ ಕಣಿವೆಯಲ್ಲಾಗಲಿ, ತೇನಿಯಲ್ಲಾಗಲಿ, ದಿಂಡಿಗಲ್ಲಿನ ಮಳೆಯಾಶ್ರಿತ ಹೊಲಗಳ ಊರುಗಳಲ್ಲಾಗಲಿ, ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಆಡುವವರು ನಾವು. ಆದರೆ ಎರಡು ಭಾಷೆಯಲ್ಲೂ ಹಿರಿಯರ ಮಾತು ಒಂದೇ: "ವಯಸ್ಸಾಯಿತು, ನನಗೆ ಒಂದು ಲೋಟ ಗಂಜಿ ಸಾಕು." ನಾವೂ ಒಪ್ಪಿಬಿಡುತ್ತೇವೆ. ಕೆಲವು ವರ್ಷ ಕಳೆದ ಮೇಲೆ ಅದೇ ಅಜ್ಜಿ ನೆಲದಿಂದ ಏಳಲು ಗೋಡೆ ಹಿಡಿಯುತ್ತಾಳೆ. ಒಂದು ದಿನ ಬಚ್ಚಲಲ್ಲಿ ಜಾರಿ ಬೀಳುತ್ತಾಳೆ. "ಮುಪ್ಪು, ಏನು ಮಾಡುವುದು" ಎಂದು ಕೈಚೆಲ್ಲುತ್ತೇವೆ. ಹಾಗೆ ಕೈಚೆಲ್ಲಬೇಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಬಗೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದರ ಮೊದಲ ಅಧ್ಯಾಯ ನಡೆದದ್ದು ನಮ್ಮದೇ ರಾಜ್ಯದ ನೀಲಗಿರಿಯಲ್ಲಿ.

1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ, ಐರ್ಲೆಂಡಿನಲ್ಲಿ ಹುಟ್ಟಿದ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ಸಂಶೋಧನೆ ಆರಂಭಿಸಿದರು. ಮುಂದೆ ಅವರು ಇಲಿಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ದೇಶದ ಒಂದೊಂದು ಜನರ ಊಟ ಹಾಕಿ ಬೆಳೆಸಿದರು. ಗೋಧಿ, ಬೇಳೆ, ಹಾಲು, ತರಕಾರಿ ಇದ್ದ ಸಿಖ್ಖರ ಊಟ ತಿಂದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಆ ಸಾಲಿನಲ್ಲಿ ಕನ್ನಡಿಗರ ಊಟವೂ ಇತ್ತು. ಅದಕ್ಕೆ ಸಿಕ್ಕಿದ್ದು ಐದನೆಯ ಜಾಗ. ಹಾಲು ಬೇಳೆ ಕಡಿಮೆಯಿದ್ದ ಮದ್ರಾಸಿನ ಅಕ್ಕಿಯೂಟ ಕೊನೆಗೆ ನಿಂತಿತು. ಕೂನೂರಿನ ಆ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಹೋಯಿತು. 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು.

ಆದರೆ ಗಮನಿಸಿ, ಮೆಕ್‌ಕ್ಯಾರಿಸನ್ನರ ಇಲಿಗಳು ಎಳೆಯವು. ಬೆಳೆಯುವ ಮಕ್ಕಳು, ಬಾಣಂತಿಯರು, ದುಡಿಯುವವರು, ಇವರ ಊಟದ ಲೆಕ್ಕವೇ ಬಹುಕಾಲ ಮುಂದಿತ್ತು. ಮುದುಕರ ತಟ್ಟೆಯ ಕಡೆ ನೋಡಿದವರು ಕಡಿಮೆ. 1988ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್, ವಯಸ್ಸಿನೊಡನೆ ಮಾಂಸಖಂಡ ಕರಗುವುದಕ್ಕೆ ಒಂದು ಹೆಸರೇ ಇಲ್ಲವಲ್ಲ ಎಂದು ಗ್ರೀಕ್ ಮಾತಿನಿಂದ 'ಸಾರ್ಕೊಪೀನಿಯ' ಎಂಬ ಪದ ಕಟ್ಟಿದರು. ಮಾಂಸದ ಕೊರತೆ ಎಂದು ಅದರ ಅರ್ಥ. ಹೆಸರು ಬಂದ ಮೇಲೆ ಅದು ಬರೀ ಹಣೆಬರಹವಾಗಿ ಉಳಿಯಲಿಲ್ಲ, ಪರೀಕ್ಷಿಸಬಹುದಾದ ವಿಷಯವಾಯಿತು.

ಎರಡೇ ವರ್ಷದಲ್ಲಿ, 1990ರಲ್ಲಿ, ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಟರೋನ್ ವೃದ್ಧಾಶ್ರಮದ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಅವರ ಸರಾಸರಿ ವಯಸ್ಸು 90! ಎಂಟು ವಾರದಲ್ಲಿ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಇಬ್ಬರು ಕೈಗೋಲನ್ನೇ ಬಿಟ್ಟರು. 1994ರಲ್ಲಿ ನೂರು ಮಂದಿಯ ಮೇಲೆ ನಡೆದ ಪರೀಕ್ಷೆ ಇನ್ನೊಂದು ಪಾಠ ಕಲಿಸಿತು: ಅಭ್ಯಾಸವಿಲ್ಲದೆ ಪೌಷ್ಟಿಕ ಪೇಯವನ್ನು ಮಾತ್ರ ಕುಡಿಸಿದರೆ ಬಲ ಬರಲಿಲ್ಲ. ಅಂಗಡಿಯ ಡಬ್ಬಿಯ ಪುಡಿಯನ್ನೇ ನಂಬುವವರು ಇದನ್ನು ನೆನಪಿಡಬೇಕು.

ಹಾಗಾದರೆ ಊಟ ಬೇಡವೇ? ಬೇಕು. ಮಾಂಸಖಂಡ ಕಟ್ಟಲು ಪ್ರೋಟೀನ್ ಎಂಬ ಇಟ್ಟಿಗೆ ಬೇಕೇ ಬೇಕು. ಇಲ್ಲಿ ಕಥೆ ನಮ್ಮ ಬೆಂಗಳೂರಿಗೆ ಬರುತ್ತದೆ. ಪ್ರೋಟೀನಿನೊಳಗೆ ಲೈಸೀನ್ ಎಂಬ ಅಂಶವಿದೆ. ಅಕ್ಕಿ, ಗೋಧಿ, ರಾಗಿಗಳಲ್ಲಿ ಅದು ಕಡಿಮೆ. ಬೇಳೆಕಾಳು, ಹಾಲು, ಮೊಟ್ಟೆಗಳಲ್ಲಿ ಹೆಚ್ಚು. ವಯಸ್ಕರಿಗೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 12 ಮಿಲಿಗ್ರಾಂ ಲೈಸೀನ್ ಸಾಕೆಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಡಾ. ಅನುರ ಕುರ್ಪಾಡ್, ಅಮೆರಿಕದ ವರ್ನನ್ ಯಂಗ್ ಅವರೊಡನೆ ಭಾರತೀಯರನ್ನೇ ಪರೀಕ್ಷಿಸಿ, ಬೇಕಾದದ್ದು ಸುಮಾರು 30 ಎಂದು ತೋರಿಸಿದರು. 2007ರ ವರದಿ ಆ 30ನ್ನೇ ಒಪ್ಪಿತು.

ಇದು ನಮಗೆ ಏಕೆ ಮುಖ್ಯ? 1895ರಲ್ಲಿ ಪೆರಿಯಾರ್ ಅಣೆಕಟ್ಟಿನ ನೀರು ಕಣಿವೆಗೆ ಹರಿಯಿತು, ಭತ್ತ ಹೆಚ್ಚಿತು. ಅದು ನಮ್ಮ ಭಾಗ್ಯ. ಆದರೆ ಹಳೆಯ ಊಟದಲ್ಲಿ ರಾಗಿಮುದ್ದೆ, ನೀವು ಕಳಿ ಎನ್ನುವುದು, ಒಂಟಿಯಾಗಿರಲಿಲ್ಲ; ಜೊತೆಗೆ ಹುರುಳಿ, ಅಂದರೆ ಕೊಳ್ಳು, ಇರುತ್ತಿತ್ತು. ಧಾನ್ಯದ ಕೊರತೆಯನ್ನು ಕಾಳು ತುಂಬುತ್ತಿತ್ತು. ಬರೀ ಗಂಜಿ, ಉಪ್ಪಿನಕಾಯಿಯಲ್ಲಿ ಆ ಜೊತೆಯೇ ತಪ್ಪಿಹೋಗುತ್ತದೆ.

ನಮ್ಮ ದೇಶದ 2020ರ ಶಿಫಾರಸಿನಂತೆ ವಯಸ್ಕರಿಗೆ ಮೈತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ದಾಟಿದವರಿಗೆ 1ರಿಂದ 1.2 ಗ್ರಾಂ ಒಳ್ಳೆಯದೆಂದು 2013ರಲ್ಲಿ ಒಂದು ಅಂತರರಾಷ್ಟ್ರೀಯ ತಜ್ಞರ ತಂಡ ಹೇಳಿತು. ಅಂದರೆ 50 ಕಿಲೋ ತೂಗುವ ಅಜ್ಜಿಗೆ 50ರಿಂದ 60 ಗ್ರಾಂ. ಮುದುಕರಿಗೆ ಕಡಿಮೆ ಸಾಕೆಂಬ ನಮ್ಮ ನಂಬಿಕೆ ತಲೆಕೆಳಗಾಯಿತಲ್ಲವೇ? ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಹಲ್ಲಿಲ್ಲದಿದ್ದರೆ ಹುರುಳಿಯನ್ನು ಮೆತ್ತಗೆ ಬೇಯಿಸಿ ಮಸೆಯಿರಿ, ಗಂಜಿಗೇ ಬೇಳೆ ಕಲಸಿ. ಊಟದ ಜೊತೆ ಕೆಲಸವೂ ಬೇಕು: ಕುರ್ಚಿಯಿಂದ ಎದ್ದು ಕೂರುವುದು, ಮೊದಲು ಐದು ಸಲ, ಆಮೇಲೆ ಹತ್ತು, ಪಕ್ಕದಲ್ಲಿ ಒಬ್ಬರು ನಿಂತಿರಲಿ. "ನೀನು ಸುಮ್ಮನೆ ಕೂತಿರಮ್ಮ" ಎನ್ನುವುದು ಪ್ರೀತಿಯ ಮಾತೇ. ಆದರೆ ಅದು ಕಾಲನ್ನು ಸೋಲಿಸುವ ಮಾತು.

ಇಂದು ರಾತ್ರಿ ಮನೆಯ ಹಿರಿಯರು "ಗಂಜಿ ಸಾಕು" ಎಂದಾಗ ಒಂದು ಸೌಟು ಬೇಳೆ ಹೆಚ್ಚು ಬಡಿಸಿ, ಅವರು ಉಣ್ಣುವವರೆಗೆ ಜೊತೆಯಲ್ಲಿ ಕುಳಿತುಕೊಳ್ಳಿ.