ಗ್ರಾಮಫೋನಿನ ತಿರುಗುಪೀಠವೂ ಅದರ ಸಂಸ್ಕಾರವೂ

ಗ್ರಾಮಫೋನಿನ ಚರಿತ್ರೆಯನ್ನು ಬರೆದವರು ಹಾಡಿದವರ ವಿಷಯವನ್ನೂ, ಪ್ಲೇಟುಗಳನ್ನು ಮುದ್ರಿಸಿದ ಕಂಪನಿಗಳ ವಿಷಯವನ್ನೂ ವಿಸ್ತಾರವಾಗಿ ಹೇಳಿರುವರು. ಪ್ಲೇಟನ್ನು ಹೊತ್ತು ತಿರುಗುವ ಪೀಠದ ಬಳಿಗೆ ಬಂದಾಗ ಮಾತ್ರ ಅವರ ಲೇಖನಿಯು ಬೇಗನೆ ಮುಂದಕ್ಕೆ ಸಾಗಿಬಿಡುತ್ತದೆ. ಆದರೆ ಪ್ಲೇಟಿನ ಗೆರೆಯಲ್ಲಿ ಅಡಗಿರುವ ಕಂಠವು ಯಾವ ಶ್ರುತಿಯಲ್ಲಿ ಹೊರಬರಬೇಕೆಂಬುದನ್ನು ನಿರ್ಣಯಿಸುವುದು ಈ ಪೀಠವೇ. ಹಳೆಯ ಪೀಠಗಳನ್ನು ಮನೆಯಲ್ಲಿಯೇ ಬಿಚ್ಚಿ, ಶುದ್ಧಿಮಾಡಿ, ಹದಗೊಳಿಸುವ ಹವ್ಯಾಸವು ಈಚೆಗೆ ಪುನಃ ತಲೆಯೆತ್ತಿರುವುದರಿಂದ ಅದರ ಪೂರ್ವೋತ್ತರವನ್ನು ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದು.

ಎಡಿಸನ್ನನು 1877ರಲ್ಲಿ ಧ್ವನಿಯನ್ನು ಉರುಳೆಯ ಮೇಲೆ ಹಿಡಿದನು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲಿನರನು ಚಪ್ಪಟೆಯಾದ ಪ್ಲೇಟನ್ನು ಕಲ್ಪಿಸಿದನು. ಬರ್ಲಿನರನ ಮೊದಲ ಯಂತ್ರಗಳನ್ನು ಕೈಯಿಂದ ತಿರುಗಿಸಬೇಕಾಗಿತ್ತು. ತಿರುಗಿಸುವವನ ಕೈ ಸೋತಂತೆ ಗಾಯಕನ ಕಂಠವೂ ಇಳಿಯುತ್ತಿತ್ತು! ಎಲ್ಡ್ರಿಜ್ ಜಾನ್ಸನ್ ಎಂಬ ಅಮೆರಿಕದ ಯಂತ್ರಶಿಲ್ಪಿಯು ಕೀಲಿ ಕೊಡುವ ಸ್ಪ್ರಿಂಗಿನ ಮೋಟಾರನ್ನು ಇದಕ್ಕೆ ಒದಗಿಸಿದ ಮೇಲೆ ಈ ತೊಂದರೆಯು ಬಹುಮಟ್ಟಿಗೆ ನಿವಾರಣೆಯಾಯಿತು. ಆದರೂ ಮುದ್ರಿಸುವ ವೇಗಕ್ಕೆ ಆಗ ಒಂದು ಕಟ್ಟು ಇರಲಿಲ್ಲ. ನಿಮಿಷಕ್ಕೆ 70 ಸುತ್ತಿನಿಂದ ಹಿಡಿದು 80ಕ್ಕೂ ಮೇಲ್ಪಟ್ಟು ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಮುದ್ರಿಸಿದರು. 78 ಎಂಬ ಸಂಖ್ಯೆಯು ಸ್ಥಿರಪಟ್ಟುದು 1925ರಲ್ಲಿ ವಿದ್ಯುಚ್ಛಕ್ತಿಯಿಂದ ಮುದ್ರಿಸುವ ಪದ್ಧತಿ ಬಂದ ಸುಮಾರಿಗೆ.

ಇದರಿಂದ ನಮಗಾಗುವ ನಷ್ಟವೇನೆಂಬುದನ್ನು ಸಂಗೀತಾಭಿಮಾನಿಗಳು ಗಮನಿಸಬೇಕು. 74 ಸುತ್ತಿನಲ್ಲಿ ಮುದ್ರಿಸಿದ ಪ್ಲೇಟನ್ನು 78ರಲ್ಲಿ ನುಡಿಸಿದರೆ ಶ್ರುತಿಯು ಹೆಚ್ಚುಕಡಿಮೆ ಒಂದು ಸ್ವರಸ್ಥಾನದಷ್ಟು ಮೇಲೇರುತ್ತದೆ. ಐದು ಮನೆಯ ಶ್ರುತಿಯಲ್ಲಿ ಹಾಡಿದವರು ಐದೂವರೆ ಮನೆಗೆ ಹತ್ತುತ್ತಾರೆ. ಕಾಲಪ್ರಮಾಣವೂ ಅದರೊಡನೆ ಅವಸರಗೊಳ್ಳುತ್ತದೆ, ಗಮಕಗಳು ನಡುಗುತ್ತವೆ. ಹಿಂದಿನವರ ಕಂಠವು ಕೀಚಲಾಗಿತ್ತೆಂದು ನಾವು ಹಗುರವಾಗಿ ಆಡುವ ಮಾತಿನಲ್ಲಿ ಅವರ ತಪ್ಪೆಷ್ಟು, ನಮ್ಮ ಪೀಠದ ತಪ್ಪೆಷ್ಟು ಎಂಬುದನ್ನು ವಿಚಾರಿಸಿದವರು ಕಡಮೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗನು ಗೌಹರ್ ಜಾನಳ ಗಾನವನ್ನು ಮುದ್ರಿಸಿಕೊಂಡನು. ಆ ಪ್ಲೇಟುಗಳು ಜರ್ಮನಿಯ ಹಾನೋವರಿನಲ್ಲಿ ಒತ್ತಲ್ಪಟ್ಟು ಹಿಂದಿರುಗಿ ಬಂದವು. ಆಕೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದು ಮೈಸೂರಿಗೆ ಬಂದು, 1930ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟಳು. ಆ ಕಂಠವನ್ನು ಎದುರಿನಲ್ಲಿ ಕೇಳಿದವರು ಇಂದು ಯಾರೂ ಉಳಿದಿಲ್ಲ. ಪ್ಲೇಟೇ ಸಾಕ್ಷಿ, ಸಾಕ್ಷಿಯನ್ನು ನುಡಿಯಿಸುವ ಯಂತ್ರವು ಸುಳ್ಳಾಡಬಾರದು.

ಮನೆಯ ಸಂಸ್ಕಾರಕ್ಕೆ ಅತ್ಯಂತ ಯೋಗ್ಯವೆನಿಸಿರುವ ಹಳೆಯ ಪೀಠಗಳಲ್ಲಿ ಗ್ಯಾರಾರ್ಡ್ 301 ಎಂಬುದು ಅಗ್ರಗಣ್ಯವಾದುದು. ಗ್ಯಾರಾರ್ಡ್ ಕಂಪನಿಯು 1915ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಸ್ವಿಂಡನ್ ಊರಿನಲ್ಲಿ ನೆಲೆಸಿ, ಗ್ರಾಮಫೋನಿನ ಸ್ಪ್ರಿಂಗ್ ಮೋಟಾರುಗಳಿಂದ ಹೆಸರು ಪಡೆಯಿತು. 1948ರಲ್ಲಿ ನಿಮಿಷಕ್ಕೆ 33⅓ ಸುತ್ತಿನ ದೀರ್ಘವಾದನದ ಪ್ಲೇಟೂ, ಮರುವರ್ಷ 45 ಸುತ್ತಿನ ಪ್ಲೇಟೂ ಬಂದವು. ಇವುಗಳ ಗೆರೆ ಅತಿ ಸೂಕ್ಷ್ಮವಾದುದರಿಂದ ಹಿಂದೆ ಕಿವಿಗೆ ಬೀಳದಿದ್ದ ಮೋಟಾರಿನ ಗುಡುಗುಡು ಶಬ್ದವು ಈಗ ಹಾಡಿನೊಡನೆ ಬೆರೆತು ಕೇಳತೊಡಗಿತು. ಈ ಹೊಸ ಅವಶ್ಯಕತೆಗೆ ಉತ್ತರವಾಗಿ 1954ರ ಸುಮಾರಿಗೆ ಹೊರಬಂದುದೇ 301. ಇದರ ಮೋಟಾರಿನ ರಾಟೆಗೆ 33, 45, 78 ಎಂಬ ಮೂರು ವೇಗಗಳಿಗೆ ಮೂರು ಮೆಟ್ಟಿಲುಗಳುಂಟು. ರಬ್ಬರಿನ ಅಂಚುಳ್ಳ ಒಂದು ನಡುಚಕ್ರವು ರಾಟೆಗೂ ಪೀಠದ ಒಳಅಂಚಿಗೂ ತಗುಲಿಕೊಂಡು ಪೀಠವನ್ನು ತಿರುಗಿಸುತ್ತದೆ. ವಿಶೇಷವೇನೆಂದರೆ, ಕಂಪನಿಯು ಇದನ್ನು ಪೆಟ್ಟಿಗೆಯಿಲ್ಲದೆ, ಸೂಜಿ ಹಿಡಿಯುವ ತೋಳೂ ಇಲ್ಲದೆ ಮಾರಿತು. ಉಳಿದುದನ್ನು ಕೊಂಡವನೇ ಕೂಡಿಸಿಕೊಳ್ಳಬೇಕು! ಹೀಗಾಗಿ ಈ ಯಂತ್ರವು ಹುಟ್ಟಿದಂದಿನಿಂದಲೇ ಮನೆಯ ಕೈಕೆಲಸಕ್ಕೆ ಒಪ್ಪಿಸಲ್ಪಟ್ಟಿತೆನ್ನಬಹುದು.

ಸಂಸ್ಕಾರದ ಕ್ರಮವು ಕಠಿನವಲ್ಲ, ತಾಳ್ಮೆಯನ್ನು ಬೇಡುತ್ತದೆ. ಮೊದಲು ಪೀಠವನ್ನೆತ್ತಿ ಅದರ ಕದಿರನ್ನೂ, ಕದಿರು ನಿಂತು ತಿರುಗುವ ಕುಣಿಯನ್ನೂ ಒರಸಿ ಶುದ್ಧಿಮಾಡಬೇಕು. ಮೊದಮೊದಲಿನ 301ಗಳ ಕುಣಿಗೆ ಗ್ರೀಸನ್ನೂ ಅನಂತರದವುಗಳಿಗೆ ಎಣ್ಣೆಯನ್ನೂ ಹಾಕಬೇಕು. ಒಂದಕ್ಕೆ ಹಾಕುವುದನ್ನು ಇನ್ನೊಂದಕ್ಕೆ ಹಾಕಲಾಗದು. ನಡುಚಕ್ರದ ರಬ್ಬರು ಗಟ್ಟಿಯಾಗಿದ್ದರೆ, ಅಥವಾ ಒಂದೇ ಕಡೆ ಒತ್ತಿಕೊಂಡು ತಗ್ಗುಬಿದ್ದಿದ್ದರೆ, ಸುತ್ತುಸುತ್ತಿಗೂ ದಬ್ ಎಂಬ ಸದ್ದು ಬರುತ್ತದೆ. ಆಗ ಚಕ್ರವನ್ನೇ ಬದಲಾಯಿಸುವುದು ಲೇಸು. ಮೋಟಾರು ಸ್ಪ್ರಿಂಗುಗಳಲ್ಲಿ ತೂಗಾಡುವುದರಿಂದ ಅದು ಓರೆಯಾಗಿಲ್ಲವೆಂಬುದನ್ನೂ ನೋಡಬೇಕು. ಅಮೆರಿಕದಿಂದ ತಂದ ಯಂತ್ರವಾದರೆ ಅದರ ರಾಟೆಯು 60 ಆವರ್ತದ ವಿದ್ಯುತ್ತಿಗಾಗಿ ಕಡೆದದ್ದು; ನಮ್ಮ 50 ಆವರ್ತದಲ್ಲಿ ಅದು ಆರರಲ್ಲೊಂದು ಪಾಲು ನಿಧಾನವಾಗಿ ತಿರುಗುವುದು. ಈ ಒಂದು ಸಂಗತಿಯನ್ನು ಅರಿಯದೆ ಯಂತ್ರವೇ ಕೆಟ್ಟಿತೆಂದು ಅಟ್ಟಕ್ಕೇರಿಸುವವರುಂಟು.

ವೇಗವನ್ನು ಪರೀಕ್ಷಿಸಲು ಗೆರೆಗಳುಳ್ಳ ಒಂದು ದುಂಡು ಕಾಗದ ಸಾಕು. 50 ಆವರ್ತದ ವಿದ್ಯುದ್ದೀಪವು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ 180 ಗೆರೆಗಳ ವೃತ್ತವು ನಿಂತಂತೆ ಕಂಡರೆ ವೇಗವು ಸರಿಯಾಗಿ 33⅓. 77 ಗೆರೆಗಳ ವೃತ್ತವು ನಿಂತರೆ 77.92. ಈಗಿನ ಎಲ್.ಇ.ಡಿ. ದೀಪಗಳಲ್ಲಿ ಎಷ್ಟೋ ಹಾಗೆ ಮಿನುಗುವುದಿಲ್ಲವಾದುದರಿಂದ ಒಂದು ಚಿಕ್ಕ ನಿಯಾನ್ ದೀಪವನ್ನಿಟ್ಟುಕೊಳ್ಳುವುದು ಒಳ್ಳೆಯದು. ಅಲ್ಪಸ್ವಲ್ಪ ಅಂತರವನ್ನು ತಿದ್ದಲು 301ರಲ್ಲಿ ಅಯಸ್ಕಾಂತದ ತಡೆಯೊಂದಿದೆ.

ತೋಳಿನ ವಿಷಯದಲ್ಲಿ ಗಣಿತವು ಹವ್ಯಾಸಿಗೆ ನೆರವಾಯಿತು. ಪ್ಲೇಟನ್ನು ಕೊರೆಯುವ ಉಳಿಯು ನೇರವಾಗಿ ಕೇಂದ್ರದ ಕಡೆಗೆ ಸಾಗುತ್ತದೆ. ನುಡಿಸುವ ತೋಳಾದರೋ ಒಂದು ಮೂಲೆಯಲ್ಲಿ ನಿಂತು ಕಮಾನಿನಂತೆ ಸಾಗುವುದರಿಂದ ಸೂಜಿಯು ಗೆರೆಯಲ್ಲಿ ಓರೆಯಾಗುತ್ತದೆ. ಪರ್ಸಿ ವಿಲ್ಸನ್ನನು 1924ರಲ್ಲಿ ‘ದಿ ಗ್ರಾಮಫೋನ್’ ಪತ್ರಿಕೆಯಲ್ಲಿ ಈ ಓರೆಯನ್ನು ತಗ್ಗಿಸುವ ಬಗೆಯನ್ನು ಚರ್ಚಿಸಿದನು. 1938ರಲ್ಲಿ ಲೋಫ್‌ಗ್ರೆನ್ನನೂ 1941ರಲ್ಲಿ ಬೇರ್‌ವಾಲ್ಡನೂ ಅದನ್ನು ಪೂರ್ಣಗೊಳಿಸಿದರು. ಬೇರ್‌ವಾಲ್ಡನ ಲೆಕ್ಕದಂತೆ ಕೇಂದ್ರದಿಂದ 66 ಮತ್ತು 120.9 ಮಿಲಿಮೀಟರುಗಳಲ್ಲಿ ಓರೆಯು ಸಂಪೂರ್ಣವಾಗಿ ಇಲ್ಲವಾಗುವಂತೆ ಸೂಜಿಯನ್ನು ನಿಲ್ಲಿಸುವುದು ಇಂದಿಗೂ ರೂಢಿ. ಎಸ್.ಎಂ.ಇ. ಎಂಬ ಹೆಸರಾಂತ ತೋಳು ಕೂಡ ಅದರ ಕರ್ತೃವು ತನ್ನ ಸ್ವಂತ ಉಪಯೋಗಕ್ಕೆಂದು ಮಾಡಿಕೊಂಡುದು. ಸ್ನೇಹಿತರು ಮೆಚ್ಚಿದ ಮೇಲೆ 1959ರಲ್ಲಿ ಮಾರಾಟಕ್ಕೆ ಬಂದಿತು.

1958ರಲ್ಲಿ ಸ್ಟೀರಿಯೊ ಪ್ಲೇಟುಗಳು ಅಂಗಡಿಗೆ ಬಂದಾಗ, ಅವುಗಳ ಸೂಜಿಯು ಮೇಲುಕೆಳಗಿನ ಕಂಪನವನ್ನೂ ಹಿಡಿಯುವುದರಿಂದ, 301ರ ಗುಡುಗು ಮತ್ತೆ ದೋಷವಾಗಿ ಕಂಡಿತು. ಪಟ್ಟಿಯಿಂದ ತಿರುಗುವ ಪೀಠಗಳೂ, 1970ರಲ್ಲಿ ಜಪಾನಿನಿಂದ ಬಂದ, ಮೋಟಾರೇ ನೇರವಾಗಿ ತಿರುಗಿಸುವ ಪೀಠವೂ ಇದನ್ನು ಹಿಂದೆ ತಳ್ಳಿದವು. ಆದರೆ ಪದರ ಪದರವಾಗಿ ಅಂಟಿಸಿದ ಬರ್ಚ್ ಮರದ, ಇಲ್ಲವೆ ಕಲ್ಲಿನ, ಭಾರವಾದ ತಳಮಣೆಯ ಮೇಲೆ ಕೂರಿಸಿದರೆ ಆ ಗುಡುಗು ಬಹುವಾಗಿ ಅಡಗುವುದೆಂದು ಹವ್ಯಾಸಿಗಳು ಕಂಡುಕೊಂಡರು. ಈ ಸುಧಾರಣೆಯ ಉತ್ಸಾಹದಲ್ಲಿ ಕೆಲವರು ಮೂಲದ ಭಾಗಗಳನ್ನೇ ಕೊರೆದು ತೆಗೆದುಬಿಡುವರು. ಇದು ನನಗೆ ಸಮ್ಮತವಲ್ಲ. ತಳಮಣೆಯನ್ನು ನಾಳೆ ಬದಲಾಯಿಸಬಹುದು, ಕೊರೆದ ಲೋಹವನ್ನು ಬೆಳೆಸಲಾಗದು.

ನಂತರದ ಪೀಠಗಳಲ್ಲಿ ಬಹುಪಾಲು 78ರ ವೇಗವನ್ನೇ ಕೈಬಿಟ್ಟವು. ಗೌಹರ್ ಜಾನಳ ಕಾಲದ ಪ್ಲೇಟನ್ನು ಕೇಳಬೇಕಾದರೆ 301ರಂತಹ ಯಂತ್ರವನ್ನೇ ಹುಡುಕಬೇಕು, ಅಗಲವಾದ ಗೆರೆಗೆ ತಕ್ಕ ದಪ್ಪ ಸೂಜಿಯನ್ನೂ ಹಾಕಬೇಕು. 74ಕ್ಕೆ ಇಳಿಸುವಷ್ಟು ಶಕ್ತಿ ಅಯಸ್ಕಾಂತದ ತಡೆಗಿಲ್ಲ. ಅದಕ್ಕಾಗಿ ವಿದ್ಯುತ್ತಿನ ಆವರ್ತವನ್ನೇ 50ರಿಂದ ಸುಮಾರು 47.4ಕ್ಕೆ ತಗ್ಗಿಸುವ ಉಪಕರಣವನ್ನು ಈಗಿನವರು ಜೋಡಿಸಿಕೊಳ್ಳುವರು. ಆದರೆ ನಿಲ್ಲಬೇಕಾದುದು 74ರಲ್ಲಿಯೋ 76ರಲ್ಲಿಯೋ ಎಂಬುದನ್ನು ಯಾವ ಕಾಗದವೂ ಹೇಳಲಾರದು. ಗೌಹರ್ ಜಾನಳು ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವ ಪದ್ಧತಿಯಿತ್ತು. ಹಾಡುವ ದನಿಯು ಎಷ್ಟಾದರೂ ಮೇಲೇರಬಹುದು. ಮಾತನಾಡುವ ದನಿಗೆ ಒಂದು ಸಹಜವಾದ ನೆಲೆಯಿದೆ. ಆ ನಾಲ್ಕು ಮಾತುಗಳು ಒಬ್ಬ ಹೆಂಗಸು ಎದುರಿಗೆ ನಿಂತು ಆಡಿದಂತೆ ಕೇಳುವವರೆಗೆ ಗುಂಡಿಯನ್ನು ಮೆಲ್ಲಮೆಲ್ಲನೆ ತಿರುಗಿಸಿ, ಅಲ್ಲಿಗೆ ನಿಲ್ಲಿಸಿ, ತಂಬೂರಿಯನ್ನು ಕೂಡಿಸಿಕೊಂಡು ಹಾಡನ್ನು ಮೊದಲಿನಿಂದ ಕೇಳಬೇಕು.