ಶಿಲಾಮಡಿಕೆ

ಶಿಲಾಮಡಿಕೆ ಎಂದರೆ ಭೂಚಿಪ್ಪಿನೊಳಗಿನ ಒತ್ತಡದಿಂದ ಶಿಲಾಪದರಗಳು ಬಾಗಿ ಉಂಟಾಗುವ ಅಲೆಯಾಕಾರದ ರಚನೆ. ಪ್ರಾಚೀನ ಪರ್ವತಶ್ರೇಣಿಗಳು ಸವೆದು ಬಯಲಾದ ಮೇಲೂ ಅವುಗಳ ಬುಡದಲ್ಲಿದ್ದ ಮಡಿಕೆಗಳು ಉಳಿದಿರುತ್ತವೆ. ಕರ್ನಾಟಕದಲ್ಲಿ ಕೋಲಾರದ ಷಿಸ್ಟ್ ಪಟ್ಟಿ ಇದಕ್ಕೆ ಉತ್ತಮ ಉದಾಹರಣೆ.

ರಚನೆ

ಮೇಲಕ್ಕೆ ಉಬ್ಬಿದ ಭಾಗವನ್ನು ಮೇಲ್ಮಡಿಕೆ ಎಂದೂ ಕೆಳಕ್ಕೆ ತಗ್ಗಿದ ಭಾಗವನ್ನು ಕೆಳಮಡಿಕೆ ಎಂದೂ ಕರೆಯುತ್ತಾರೆ. ಪದರವು ಅತಿ ಹೆಚ್ಚು ಬಾಗಿದ ಸ್ಥಳವು ತಿರುವು. ಅದರ ಎರಡು ಬದಿಗಳು ಪಾರ್ಶ್ವಗಳು. ಒತ್ತಡ ತೀವ್ರವಾದಾಗ ಎರಡೂ ಪಾರ್ಶ್ವಗಳು ಒಂದಕ್ಕೊಂದು ಸಮಾಂತರವಾಗುತ್ತವೆ.

ಉಂಟಾಗುವ ಬಗೆ

ನೆಲದ ಮೇಲ್ಮೈ ಬಳಿಯ ತಣ್ಣನೆಯ ಶಿಲೆಯು ಒತ್ತಡಕ್ಕೆ ಸಿಕ್ಕರೆ ಸಾಮಾನ್ಯವಾಗಿ ಬಿರಿಯುತ್ತದೆ. ಹಲವು ಕಿ.ಮೀ. ಆಳದಲ್ಲಿ ಶಾಖವೂ ಮೇಲಿನ ಭಾರವೂ ಅಧಿಕವಾಗಿರುವುದರಿಂದ ಅದೇ ಶಿಲೆಯು ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಬಾಗುತ್ತದೆ. ಗಟ್ಟಿ ಪದರಗಳು ಬಳುಕಿದರೆ, ಮೃದು ಪದರಗಳು ಪಾರ್ಶ್ವಗಳಲ್ಲಿ ತೆಳುವಾಗಿ ತಿರುವಿನಲ್ಲಿ ದಪ್ಪವಾಗುತ್ತವೆ. ಅಭ್ರಕದಂತಹ ಹಾಳೆರೂಪದ ಖನಿಜಗಳು ಒತ್ತಡಕ್ಕೆ ಅಡ್ಡಲಾಗಿ ಸಾಲುಗೂಡುತ್ತವೆ.

ಮರುಮಡಿಕೆ

ಒಮ್ಮೆ ಮಡಿದ ಶಿಲೆಯು ಮುಂದಿನ ಕಾಲದ ಒತ್ತಡದಿಂದ ಮತ್ತೆ ಮಡಿಯಬಹುದು. ಒಂದು ಮಡಿಕೆಯ ಅಕ್ಷವನ್ನೇ ಮತ್ತೊಂದು ಬಾಗಿಸಿದ್ದರೆ, ಬಾಗಿಸಿದ್ದು ಕಿರಿಯದು, ಬಾಗಿದ್ದು ಹಿರಿಯದು. ಈ ಕ್ರಮವನ್ನು ಅನುಸರಿಸಿ ಪರ್ವತಜನನದ ಹಂತಗಳನ್ನು ಗುರುತಿಸಲಾಗುತ್ತದೆ.

ಚಿಕ್ಕಬಳ್ಳಾಪುರ ಪ್ರದೇಶ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ತಳಶಿಲೆಯು ಬಹುಪಾಲು ನೈಸ್ ಮತ್ತು ಗ್ರಾನೈಟ್. ನೈಸ್ ಶಿಲೆಯಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳಿದ್ದು, ಅವು ಬಾಗಿರುವೆಡೆ ಸಣ್ಣ ಮಡಿಕೆಗಳು ಬರಿಗಣ್ಣಿಗೇ ಕಾಣುತ್ತವೆ. 1,478 ಮೀ. ಎತ್ತರದ ನಂದಿಬೆಟ್ಟವನ್ನು ಮಡಿಕೆ ಪರ್ವತವೆಂದು ಭಾವಿಸಬಾರದು. ಸುತ್ತಲಿನ ನೆಲ ಸವೆದು, ಗಟ್ಟಿಯಾದ ಗ್ರಾನೈಟ್ ಶಿಲೆಯು ಎದ್ದುನಿಂತುದರಿಂದ ಅದು ರೂಪುಗೊಂಡಿದೆ. ಅಂದರೆ ಬೆಟ್ಟವಿರುವಲ್ಲೆಲ್ಲ ಮಡಿಕೆ ಇರಬೇಕಾಗಿಲ್ಲ. ಸಮತಟ್ಟಾದ ಹೊಲದ ಕೆಳಗೂ ಮಡಿಕೆ ಇರಬಹುದು.

ಕೋಲಾರದ ಪಟ್ಟಿ

ಈ ಪ್ರದೇಶದ ಆಗ್ನೇಯಕ್ಕಿರುವ ಕೋಲಾರ ಷಿಸ್ಟ್ ಪಟ್ಟಿಯು ಉತ್ತರ–ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದವಿದ್ದು, ಕೆಲವೇ ಕಿ.ಮೀ. ಅಗಲವಿದೆ. ಸುಮಾರು 270 ಕೋಟಿ ವರ್ಷ ಹಳೆಯ ಲಾವಾಶಿಲೆಗಳು ಇಲ್ಲಿ ರೂಪಾಂತರ ಹೊಂದಿ ಒಂದಕ್ಕಿಂತ ಹೆಚ್ಚು ಬಾರಿ ಮಡಿದಿವೆ. ಚಿನ್ನವಿರುವ ಚಾಂಪಿಯನ್ ಅದಿರುಪಟ್ಟಿಯು ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತದೆ. ಕೆಲವೆಡೆ ಮಡಿದೂ ಇದೆ. ಮಡಿದ ಪಟ್ಟಿಯು ಆಳದಲ್ಲಿ ಎತ್ತ ತಿರುಗುವುದೆಂಬುದು ತಿಳಿಯದೆ ಸುರಂಗದ ದಿಕ್ಕನ್ನು ನಿರ್ಧರಿಸಲಾಗದು. ಹೀಗಾಗಿ 3 ಕಿ.ಮೀ.ಗೂ ಮೀರಿದ ಆಳ ತಲುಪಿದ ಈ ಗಣಿಗಳಲ್ಲಿ ಮಡಿಕೆಗಳ ಅಧ್ಯಯನಕ್ಕೆ ನೇರ ಉಪಯೋಗವಿತ್ತು. ಗಣಿಗಳು 2001ರಲ್ಲಿ ಮುಚ್ಚಲ್ಪಟ್ಟವು.